ಮಗು ಬೇಡ ಅಂದರೆ ಕೆಳಗಿಳಿಸಿ, ತಳ್ಳಬೇಡಿ

ಮರದಿಂದ ಮರಕ್ಕೆ ಹಗ್ಗ, ಹಲಗೆ, ಬಲೆ ಕಟ್ಟಿ ಕೊನೆಯಲ್ಲಿ ಜಿಪ್‌ಲೈನ್‌ನಲ್ಲಿ (ಇಳಿಜಾರಾಗಿ ಕಟ್ಟಿದ ತಂತಿಗೆ ನೇತುಹಾಕಿ) ಜಾರಿಸುವ ಜಾಗಗಳಿವೆಯಲ್ಲ, ಅವನ್ನು ನಡೆಸುವವರನ್ನು ಒಂದು ಮಾತು ಕೇಳಬೇಕು. ಆರು ವರ್ಷದ ಮಗುವನ್ನು ಮೇಲೆ ಹತ್ತಿಸಲು ನಿಮಗೆ ಬರುತ್ತದೆ. ಅದೇ ಮಗು ಅರ್ಧ ದಾರಿಯಲ್ಲಿ ನಿಂತು "ನನಗೆ ಬೇಡ" ಅಂತ ಅತ್ತರೆ ಕೆಳಗಿಳಿಸಲು ಯಾಕೆ ಬರುವುದಿಲ್ಲ?

ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಅದಕ್ಕೇ ಎಲ್ಲವನ್ನೂ ಬರೆದು ಹಾಕುತ್ತಿದ್ದೇನೆ. ಉದ್ದ ಆಗುತ್ತದೆ, ಆಗಲಿ.

ಮೊದಲು ಟಿಕೆಟ್ ವಿಷಯ. ಬುಕ್ ಮಾಡುವಾಗ "ಇಡೀ ಕುಟುಂಬಕ್ಕೆ" ಅಂತ ದೊಡ್ಡದಾಗಿ ಬರೆದಿತ್ತು. ನಗುನಗುತ್ತಾ ತೂಗಾಡುವ ಮಕ್ಕಳ ಫೋಟೋಗಳಿದ್ದವು. ಎತ್ತರದ ಮಿತಿ, ತೂಕದ ಮಿತಿ ಎಲ್ಲೂ ಇರಲಿಲ್ಲ. ದುಡ್ಡು ಕಟ್ಟಿ, ಸಾಲಿನಲ್ಲಿ ನಿಂತು, ನಮ್ಮ ಸರದಿ ಬಂದ ಮೇಲೆ ಒಬ್ಬರು ಅಳತೆ ಕೋಲು ಹಿಡಿದು ಬಂದರು. ಒಂಬತ್ತು ವರ್ಷದ ಮಗ ಆರಾಮಾಗಿ ದಾಟಿದ. ಮಗಳು ಗೆರೆಗೆ ಸರಿಯಾಗಿ ಮುಟ್ಟಿದಳು, ದೊಡ್ಡವರು ಜೊತೆಗಿದ್ದರೆ ಹೋಗಬಹುದು ಅಂದರು. ನಮ್ಮ ಹಿಂದೆ ಇದ್ದ ಪುಟ್ಟ ಹುಡುಗ ಒಂದು ಬೆರಳಿನಷ್ಟು ಕಮ್ಮಿ ಇದ್ದ. ಅವನ ಅಕ್ಕನಿಗೆ ಹೆಲ್ಮೆಟ್ ಹಾಕಿದರು, ಅವನನ್ನು ಗೇಟಿನ ಹೊರಗೆ ನಿಲ್ಲಿಸಿದರು. ಟಿಕೆಟ್ ದುಡ್ಡು ವಾಪಸ್ ಇಲ್ಲ. ಆ ಮಗು ಬಿಕ್ಕಿ ಬಿಕ್ಕಿ ಅಳುತ್ತಿತ್ತು, ಅವರಪ್ಪ ಕೌಂಟರಿನಲ್ಲಿ ಜಗಳ ಆಡುತ್ತಿದ್ದರು, ಕೌಂಟರಿನ ಹುಡುಗಿ ತಲೆ ಎತ್ತಿಯೂ ನೋಡಲಿಲ್ಲ.

ಎತ್ತರದ ನಿಯಮದ ಮೇಲೆ ನನ್ನ ತಕರಾರಿಲ್ಲ. ಅದಕ್ಕೆ ಗಟ್ಟಿ ಕಾರಣ ಇದೆ. ತಲೆಯ ಮೇಲೆ ಹೋಗುವ ಸುರಕ್ಷತೆಯ ತಂತಿಗೆ ಮಗುವಿನ ಕೈ ಎಟುಕಬೇಕು. ತನ್ನನ್ನು ಆ ತಂತಿಗೆ ಸಿಕ್ಕಿಸಿದ ಕೊಕ್ಕೆಯನ್ನು ತಾನೇ ಬಿಚ್ಚಿ ಮುಂದಿನ ತಂತಿಗೆ ಹಾಕಬೇಕಾದ ಕಡೆಗಳಲ್ಲಂತೂ ಎಟುಕಲೇಬೇಕು. ತೂಕಕ್ಕೂ ಕಾರಣ ಇದೆ. ಜಿಪ್‌ಲೈನ್‌ನ ತಂತಿ ನಡುವೆ ಜೋತಿರುತ್ತದೆ, ಕೊನೆಗೆ ಸ್ವಲ್ಪ ಏರು ಬರುತ್ತದೆ. ಹಗುರ ಮಗುವಿಗೆ ಗಾಳಿ ಎದುರಾದರೆ, ತಂತಿಯ ಮೇಲೆ ಉರುಳುವ ರಾಟೆ ಸ್ವಲ್ಪ ಬಿಗಿಯಾಗಿದ್ದರೆ ಆ ಏರು ಹತ್ತುವಷ್ಟು ವೇಗ ಉಳಿಯುವುದಿಲ್ಲ. ಹಿಂದಕ್ಕೆ ಜಾರಿ ನಡುವೆ ಬಂದು ನೇತಾಡುತ್ತದೆ. ಯಾರಾದರೂ ಹೋಗಿ ಎಳೆದು ತರಬೇಕು. ಇದೆಲ್ಲ ಅವರಿಗೆ ಗೊತ್ತು. ಗೊತ್ತಿದ್ದೇ ನಿಯಮ ಮಾಡಿರುತ್ತಾರೆ. ಹಾಗಾದರೆ ಅದನ್ನು ದುಡ್ಡು ತಗೊಳ್ಳುವ ಮೊದಲು ಹೇಳಲು ಏನು ಕಷ್ಟ? ಎರಡು ಸಾಲು ಬರೆದರೆ ಸಾಕಿತ್ತು, ಆ ಮಗು ಗೇಟಿನಲ್ಲಿ ನಿಂತು ಅಳಬೇಕಾಗಿರಲಿಲ್ಲ.

ಆಮೇಲೆ ಹಾರ್ನೆಸ್, ಅಂದರೆ ಬೀಳದ ಹಾಗೆ ಮೈಗೆ ಕಟ್ಟಿ ತಂತಿಗೆ ಸಿಕ್ಕಿಸುವ ಪಟ್ಟಿಗಳು. ಮಗಳಿಗೆ ಸೊಂಟ ಮತ್ತು ತೊಡೆಗೆ ಮಾತ್ರ ಪಟ್ಟಿ ಇರುವ ದೊಡ್ಡವರ ಹಾರ್ನೆಸ್ ತಂದು ಹಾಕಿದರು. ಪಟ್ಟಿಯನ್ನು ಕೊನೆವರೆಗೆ ಎಳೆದರೂ ಸಡಿಲವಾಗಿಯೇ ಇತ್ತು. "ಚಿಕ್ಕವರಿಗೆ ಭುಜದ ಮೇಲೂ ಪಟ್ಟಿ ಬರೋದು ಇರುತ್ತಲ್ಲ, ಅದು ಕೊಡಿ" ಅಂದೆ. "ಎಲ್ಲರಿಗೂ ಇದೇ ಮೇಡಂ, ಏನೂ ಆಗಲ್ಲ" ಅಂದ ಹುಡುಗ. ಚಿಕ್ಕ ಮಕ್ಕಳ ಸೊಂಟ ಇನ್ನೂ ಕಿರಿದು, ಮೈಗೆ ಹೋಲಿಸಿದರೆ ತಲೆ ಭಾರ ಜಾಸ್ತಿ. ನೇತಾಡುವಾಗ ತಲೆಕೆಳಗಾದರೆ ಸೊಂಟದ ಪಟ್ಟಿಯಿಂದ ಜಾರಿಬಿಡುವ ಅಪಾಯ ಇದೆ. ಅದಕ್ಕೇ ಮಕ್ಕಳಿಗೆ ಪೂರ್ತಿ ಮೈಗೆ ಹಾಕುವ ಹಾರ್ನೆಸ್ ಅಂತ ಮಾಡಿರುವುದು. ಬೆಟ್ಟ ಹತ್ತುವವರ ಹಾರ್ನೆಸ್‌ಗೆ ಇಎನ್ 12277 ಅಂತ ಯುರೋಪಿನ ಮಾನದಂಡ ಇದೆ. ಅದರಲ್ಲಿ 40 ಕಿಲೋವರೆಗಿನ ಪುಟ್ಟ ಮೈಯವರಿಗೆ ಅಂತಲೇ "ಬಿ" ಅನ್ನುವ ಬೇರೆ ಬಗೆ ಇದೆ. ಇದು ನಾನು ಕಟ್ಟಿದ ಕಥೆ ಅಲ್ಲ, ಹಾರ್ನೆಸ್ ಮೇಲಿನ ಚೀಟಿಯಲ್ಲೇ ಅಚ್ಚಾಗಿರುತ್ತದೆ, ಯಾರು ಬೇಕಾದರೂ ಓದಬಹುದು.

ನಾನು ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಗೊಣಗುತ್ತಾ ಒಳಗೆ ಹೋಗಿ ಮಕ್ಕಳ ಹಾರ್ನೆಸ್ ತಂದರು. ಇತ್ತು! ಒಳಗೆ ಗೂಟಕ್ಕೆ ನೇತುಹಾಕಿ ಇಟ್ಟಿದ್ದರು! ಹಾಕಲು ಸ್ವಲ್ಪ ಜಾಸ್ತಿ ಹೊತ್ತು ಬೇಕು ಅಂತ ತೆಗೆದಿರಲಿಲ್ಲ ಅಷ್ಟೇ. ಕೇಳದೆ ಸುಮ್ಮನಿದ್ದವರ ಮಕ್ಕಳು ಅವತ್ತು ಏನು ಹಾಕಿಕೊಂಡು ಮೇಲೆ ಹೋದರು? ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತಳಮಳ ಆಗುತ್ತದೆ.

ಪಾಠ ಹೇಳಿಕೊಡುವುದೂ ಹಾಗೇ. ಗೈಡ್ ದೊಡ್ಡವರ ಮುಖ ನೋಡಿಕೊಂಡು ಗಡಗಡ ಹೇಳಿ ಮುಗಿಸಿದ. ರಾಟೆಯ ಮುಂದೆ ತಂತಿ ಮೇಲೆ ಕೈ ಇಡಬಾರದು, ಬೆರಳು ಸಿಕ್ಕಿಕೊಳ್ಳುತ್ತದೆ ಅನ್ನುವುದು ಮಕ್ಕಳಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಅದನ್ನೂ ಅದೇ ಓಟದಲ್ಲಿ ಹೇಳಿದ. ಉದ್ದ ಕೂದಲು ಕಟ್ಟಬೇಕು ಅಂತ ಹೇಳಲೇ ಇಲ್ಲ, ನಾನೇ ನೋಡಿ ನಮ್ಮವಳದ್ದನ್ನೂ ಪಕ್ಕದ ಮಗುವಿನದ್ದನ್ನೂ ಕಟ್ಟಿದೆ.

ಇಷ್ಟನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಮೇಲೆ ನಡೆದದ್ದು.

ನಾವು ಹೋದ ಕಡೆ ಕೊಕ್ಕೆ ಬದಲಿಸುವ ಪದ್ಧತಿ ಇರಲಿಲ್ಲ. ಮೊದಲಿನಿಂದ ಕೊನೆವರೆಗೆ ಒಂದೇ ತಂತಿಗೆ ಸಿಕ್ಕಿಸಿಬಿಡುತ್ತಾರೆ, ನಡುವೆ ಬಿಚ್ಚಲು ಆಗುವುದಿಲ್ಲ. ಮಕ್ಕಳು ತಪ್ಪಿ ಕೊಕ್ಕೆ ಬಿಚ್ಚಿಕೊಳ್ಳುವ ಭಯ ಇಲ್ಲ, ಆ ಮಟ್ಟಿಗೆ ಅದು ಒಳ್ಳೆಯದೇ. ಆದರೆ ಇನ್ನೊಂದು ಮುಖ ನೋಡಿ. ನಡುವೆ ಬಿಚ್ಚಲಾಗದು ಅಂದರೆ ಹಿಂದಿನವರು ನಿಮ್ಮನ್ನು ದಾಟಿ ಹೋಗಲಾರರು, ನೀವೂ ಅವರನ್ನು ದಾಟಿ ವಾಪಸ್ ಬರಲಾರಿರಿ. ಒಂದು ಮಗು ನಿಂತರೆ ಇಡೀ ಸಾಲು ನಿಲ್ಲುತ್ತದೆ. ಅಂಥ ಕಡೆ ನಡುನಡುವೆ ಇಳಿಯುವ ಏಣಿ ಇರಬೇಕು, ಇಲ್ಲವೇ ಹಗ್ಗ ಕಟ್ಟಿ ಇಳಿಸಬಲ್ಲವರು ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು. ಅಲ್ಲಿ ಏಣಿ ಇದ್ದದ್ದು ಶುರುವಿನಲ್ಲಿ ಮಾತ್ರ.

ಮಗಳು ಮೊದಲ ಎರಡು ಸೇತುವೆ ಖುಷಿಯಾಗಿಯೇ ದಾಟಿದಳು. ಮೂರನೆಯದು ಒಂದೊಂದೇ ಹಲಗೆ ಬೇರೆ ಬೇರೆಯಾಗಿ ತೂಗುವುದು. ಒಂದು ಹಲಗೆಯ ಮೇಲೆ ಕಾಲಿಟ್ಟಳು, ಅದು ಆ ಕಡೆ ಸರಿಯಿತು, ಕಾಲು ವಾಪಸ್ ಎಳೆದುಕೊಂಡು ಮರ ತಬ್ಬಿಕೊಂಡಳು. "ಅಮ್ಮಾ ಬೇಡ, ಕೆಳಗೆ ಹೋಗೋಣ." ನಾನು ಅವಳ ಹಿಂದೆಯೇ ಇದ್ದೆ, ಬೆನ್ನು ಸವರಿದೆ, ಆಯ್ತು ಕಂದಾ ಇಳಿಯೋಣ ಅಂದೆ. ಕೆಳಗಿದ್ದ ಗೈಡ್‌ಗೆ ಕೂಗಿ ಹೇಳಿದೆ, ಇವಳನ್ನು ಇಳಿಸಬೇಕು ಅಂತ.

"ಏನೂ ಆಗಲ್ಲ ಪುಟ್ಟೀ, ಬಾ ಬಾ, ನೀನು ಸ್ಟ್ರಾಂಗ್ ಅಲ್ವಾ" ಅಂದ ಅವನು.

ಮತ್ತೆ ಹೇಳಿದೆ. "ಇಷ್ಟೇ ಮೇಡಂ, ಇನ್ನು ಸ್ವಲ್ಪ ದೂರ" ಅಂದ. ಮತ್ತೆ ಕೂಗಿದೆ. ಆಗ ಬಂತು ಮಾತು: "ಹಿಂದೆ ಜನ ಕಾಯ್ತಿದ್ದಾರೆ ಮೇಡಂ, ನೀವೇ ಸ್ವಲ್ಪ ಮುಂದಕ್ಕೆ ತಳ್ಳಿ."

ತಳ್ಳಿ! ನಡುಗುತ್ತಿರುವ ಮಗುವನ್ನು, ಅಷ್ಟೆತ್ತರದ ಅಟ್ಟಣೆಯ ಅಂಚಿನಿಂದ, ಅವಳ ಅಮ್ಮನೇ ತಳ್ಳಬೇಕಂತೆ!

ಅಷ್ಟು ಹೊತ್ತಿಗೆ ನಮ್ಮ ಹಿಂದಿನ ಅಟ್ಟಣೆ ತುಂಬಿತ್ತು. ಅಲ್ಲಿ ನಿಂತಿದ್ದ ಒಬ್ಬರು "ನನ್ನ ಮಗ ಇವಳಿಗಿಂತ ಚಿಕ್ಕವನಿದ್ದಾಗಲೇ ಮಾಡಿದ್ದ" ಅಂದರು. ಇನ್ನೊಬ್ಬರು "ಅಷ್ಟು ಜನ ನೋಡ್ತಿದ್ದಾರೆ, ಅಳೋಕೆ ನಾಚಿಕೆ ಆಗಲ್ವಾ" ಅಂತ ನೇರವಾಗಿ ಮಗುವಿಗೇ ಕೇಳಿದರು. ಕೆಳಗೆ ಒಬ್ಬ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಾ ನಗುತ್ತಿದ್ದ. ಯಾರ ಮಗು ಅಂತ ಅವನಿಗೆ ಗೊತ್ತಿಲ್ಲ, ಕೇಳಬೇಕು ಅಂತಲೂ ಅನ್ನಿಸಲಿಲ್ಲ. ನಾನು ಮೇಲಿಂದ ಕಿರುಚಿದ ಮೇಲೆ ಮೊಬೈಲ್ ಇಳಿಸಿದ. ಆರು ವರ್ಷದ ಮಗುವಿನ ಭಯ ಇವರಿಗೆ ತಮಾಷೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. "ತಳ್ಳಿದರೆ ಭಯ ಹೋಗುತ್ತೆ, ಧೈರ್ಯ ಬರುತ್ತೆ" ಅನ್ನುವ ಅಪ್ಪ ಅಮ್ಮಂದಿರನ್ನು ಅವತ್ತು ಅಲ್ಲಿ ತುಂಬಾ ಜನರನ್ನು ನೋಡಿದೆ. ಎತ್ತರದಲ್ಲಿ ಭಯ ಆಗುವುದು ತಪ್ಪಲ್ಲ. ಆ ಭಯವೇ ಮಕ್ಕಳನ್ನು ಬಾಲ್ಕನಿಯಿಂದ, ಬಾವಿ ಕಟ್ಟೆಯಿಂದ ದೂರ ಇಡುವುದು. ಮಗು ತಾನಾಗಿ ಒಂದು ಹೆಜ್ಜೆ ಇಟ್ಟು, ಬೇಡ ಅನ್ನಿಸಿದರೆ ವಾಪಸ್ ಬರಬಹುದು ಅಂತ ಗೊತ್ತಿದ್ದರೆ ಮುಂದಿನ ಸಲ ಎರಡು ಹೆಜ್ಜೆ ಇಡುತ್ತದೆ. ವಾಪಸ್ ದಾರಿ ಇಲ್ಲ, ಅಮ್ಮನೂ ನನ್ನ ಮಾತು ಕೇಳಲಿಲ್ಲ ಅಂತ ಗೊತ್ತಾದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಸುರಕ್ಷತೆಯ ಲೆಕ್ಕದಲ್ಲೂ ಇದು ತಪ್ಪು. ಹೆದರಿದ ಮಗುವಿಗೆ ಯಾವ ಸೂಚನೆಯೂ ಕಿವಿಗೆ ಬೀಳುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಜಿಪ್‌ಲೈನ್‌ನಲ್ಲಿ ಕೈಗೆ ಮೊದಲು ಸಿಗುವುದೇ ಮುಟ್ಟಬಾರದ ಆ ತಂತಿ. ಹಲಗೆಯಿಂದ ಜಾರಿದರೆ ಹಾರ್ನೆಸ್‌ನಲ್ಲಿ ನೇತಾಡುತ್ತದೆ, ಹಾಗೆ ಅಲ್ಲಾಡದೆ ತುಂಬಾ ಹೊತ್ತು ನೇತಾಡಿದರೆ ಕಾಲುಗಳಲ್ಲಿ ರಕ್ತ ನಿಂತು ದೊಡ್ಡವರಿಗೇ ತಲೆ ತಿರುಗಿ ಎಚ್ಚರ ತಪ್ಪಬಹುದು. ನೇತಾಡುವವರನ್ನು ಬೇಗ ಇಳಿಸಬೇಕು ಅನ್ನುವುದು ಈ ಕೆಲಸದವರಿಗೆ ಕಲಿಸುವ ಪಾಠ.

ಕೊನೆಗೆ ಇಳಿಸಿದ್ದು ಯಾರು ಗೊತ್ತಾ? ಜಿಪ್‌ಲೈನ್‌ನ ಕಡೆಯ ತುದಿಯಿಂದ ಒಬ್ಬ ಹುಡುಗಿ ಓಡಿ ಬಂದಳು. ಅಲ್ಲಿ ಹಗ್ಗ ಕಟ್ಟಿ ಇಳಿಸಲು ಬರುತ್ತಿದ್ದದ್ದು ಅವಳೊಬ್ಬಳಿಗೇ ಅಂತ ಆಮೇಲೆ ಗೊತ್ತಾಯಿತು. ಮೇಲೆ ಹತ್ತಿ ಬಂದು ಮೊದಲು ಮಾಡಿದ ಕೆಲಸ ಮಂಡಿಯೂರಿ ಕೂತದ್ದು, ಮಗಳ ಮುಖಕ್ಕೆ ಸಮವಾಗಿ. "ನಿನ್ನ ಹೆಸರೇನು? ಸರಿ, ನೀನು ಹೂಂ ಅಂದ ಮೇಲೇ ನಾನು ಬಿಡೋದು, ಅಲ್ಲಿವರೆಗೆ ಏನೂ ಮಾಡಲ್ಲ" ಅಂದಳು. ಹಗ್ಗದ ಕೊಕ್ಕೆಯನ್ನು ಮಗಳ ಕೈಗೇ ಕೊಟ್ಟು ಮುಟ್ಟಿ ನೋಡು ಅಂದಳು. ಎಲ್ಲಿ ಸಿಕ್ಕಿಸುತ್ತಿದ್ದೇನೆ, ಎಲ್ಲಿ ಬೀಗ ಬಿತ್ತು ಅಂತ ಒಂದೊಂದಾಗಿ ತೋರಿಸಿದಳು. ಅಷ್ಟೊತ್ತು ಮರ ಬಿಡದ ಮಗು ತಾನೇ ಕೈ ಬಿಟ್ಟಿತು. ಮೆಲ್ಲಗೆ ಕೆಳಗಿಳಿಸಿದಳು. ಒಂದು ಹಾಡು ಕೇಳಿ ಮುಗಿಸುವಷ್ಟು ಹೊತ್ತೂ ಆಗಿರಲಿಲ್ಲ. ಅದಕ್ಕೆ ಮೊದಲು ಮಗಳು ಅತ್ತುಕೊಂಡು ನಿಂತದ್ದು ಎಷ್ಟೋ ಪಟ್ಟು ಜಾಸ್ತಿ.

ಆ ಹುಡುಗಿಗೆ ಕೈ ಮುಗಿದೆ. ಆಗಲೇ ನನ್ನ ಸಿಟ್ಟು ಇಮ್ಮಡಿಯಾಯಿತು. ಇಷ್ಟು ಸುಲಭವಾದ ಕೆಲಸ ಇದು! ಉಪಕರಣ ಇದೆ, ಮಾಡಲು ಬರುವವರು ಇದ್ದಾರೆ. ಆದರೆ ಅಂಥವರು ಒಬ್ಬರೇ, ಅವರನ್ನೂ ಇನ್ನೊಂದು ತುದಿಯಲ್ಲಿ ನಿಲ್ಲಿಸಿ, ಚಿಕ್ಕ ಮಕ್ಕಳು ಅಳುವ ಜಾಗದಲ್ಲಿ "ಬಾ ಬಾ" ಅನ್ನುವುದಷ್ಟೇ ಬರುವ ಹುಡುಗನನ್ನು ಇಟ್ಟಿದ್ದಾರೆ. ಅವನ ಮೇಲೂ ನನಗೆ ಪೂರ್ತಿ ಕೋಪ ಇಲ್ಲ, ಅವನಿಗೆ ಯಾರೂ ಕಲಿಸಿಲ್ಲ. ಕಲಿಸದೆ ನಿಲ್ಲಿಸಿದವರ ಮೇಲೆ ಇದೆ. ಇಂಥ ಹಗ್ಗದ ದಾರಿಗಳಿಗೆ ಯುರೋಪಿನಲ್ಲಿ ಇಎನ್ 15567 ಅಂತ ಮಾನದಂಡ ಇದೆ. ಮೊದಲ ಭಾಗ ಕಟ್ಟುವ ಬಗ್ಗೆ, ಎರಡನೇ ಭಾಗ ನಡೆಸುವ ಬಗ್ಗೆ. ಮೇಲೆ ಸಿಕ್ಕಿಕೊಂಡವರನ್ನು ಇಳಿಸುವ ವ್ಯವಸ್ಥೆ, ಯಾರು ಎಲ್ಲಿ ನಿಂತು ನೋಡಿಕೊಳ್ಳಬೇಕು ಅನ್ನುವುದು ಆ ಎರಡನೇ ಭಾಗಕ್ಕೆ ಸೇರಿದ್ದು. ಅಂದರೆ ಮೇಲೆ ಹೋದವರು ನಡುವೆ ನಿಲ್ಲುತ್ತಾರೆ ಅನ್ನುವುದು ಈ ಕಸುಬಿನಲ್ಲಿ ಇರುವವರಿಗೆ ಮೊದಲಿನಿಂದಲೂ ಗೊತ್ತಿರುವ ಮಾತು. ನಮ್ಮ ಮಗು ಏನೋ ಹೊಸ ತೊಂದರೆ ತಂದಿಟ್ಟ ಹಾಗೆ ಮುಖ ಸಿಂಡರಿಸುವುದು ಯಾಕೆ?

ಕೌಂಟರಿಗೆ ಹೋಗಿ ಹೇಳಿದೆ. "ಫಾರಂಗೆ ಸಹಿ ಹಾಕಿದ್ದೀರಲ್ಲ ಮೇಡಂ" ಅನ್ನುವ ಉತ್ತರ ಬಂತು. ಹೌದು, ಹಾಕಿದ್ದೇನೆ. ಗಾಯ ಆದರೆ ನಾವು ಹೊಣೆ ಅಲ್ಲ ಅಂತ ಅದರಲ್ಲಿ ಉದ್ದಕ್ಕೆ ಬರೆದಿದೆ. ಮಗು ಇಳಿಸಿ ಅಂದರೆ ಇಳಿಸುವುದಿಲ್ಲ ಅಂತ ಎಲ್ಲೂ ಬರೆದಿಲ್ಲ. ಅದನ್ನೂ ಬರೆದಿದ್ದರೆ ಯಾವ ತಾಯಿ ಸಹಿ ಹಾಕುತ್ತಿದ್ದಳು?

ಮಗನ ದಿನವೂ ಹಾಳಾಯಿತು. ಅವನು ಅಪ್ಪನ ಜೊತೆ ಮುಂದೆ ಹೋಗಿದ್ದವನು ತಂಗಿ ಅಳುವುದು ಕೇಳಿ ಜಿಪ್‌ಲೈನ್‌ನ ಮುಂದೆ ನಿಂತುಬಿಟ್ಟ. ಅವನಿಗೂ ಅಲ್ಲಿ "ಬೇಗ ಬೇಗ" ಅಂದರಂತೆ.

ಚಿಕ್ಕವರನ್ನು ಕರೆದುಕೊಂಡು ಹೋಗುವವರು ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಕೇಳಿ. ಎತ್ತರ ತೂಕ ಎಷ್ಟಿರಬೇಕು, ಮಕ್ಕಳಿಗೆ ಪೂರ್ತಿ ಮೈಯ ಹಾರ್ನೆಸ್ ಇದೆಯಾ, ನೆಲಕ್ಕೆ ಹತ್ತಿರ ಇರುವ ಚಿಕ್ಕ ದಾರಿ ಬೇರೆ ಇದೆಯಾ, ನಡುವೆ ಇಳಿಯುವ ಏಣಿ ಎಲ್ಲೆಲ್ಲಿ, ಇಳಿಸಲು ಬರುವವರು ಎಷ್ಟು ಜನ ಇರುತ್ತಾರೆ. ಕೊನೆಯ ಪ್ರಶ್ನೆಗೆ ತಡವರಿಸಿದರೆ ಹೋಗಬೇಡಿ. ನಾನು ಇದೆಲ್ಲವನ್ನೂ ಬರೆದು ಅವರಿಗೆ ಕಳಿಸಿದ್ದೇನೆ, ಆ ಹುಡುಗಿಯ ಕೆಲಸ ಹೊಗಳಿ ಬೇರೆಯಾಗಿಯೂ ಬರೆದಿದ್ದೇನೆ. ಇನ್ನೂ ಉತ್ತರ ಇಲ್ಲ. ಬರುವವರೆಗೆ ಬರೆಯುತ್ತಲೇ ಇರುತ್ತೇನೆ.