ಮದರಂಗಿಯ ನಂತರದ 31 ಬಾಟಲಿಗಳು

ಇಂದು ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಒಂದು ಗೋಣಿಚೀಲವನ್ನು ತಂದು ನಮ್ಮ ಅಂಗಳದಲ್ಲಿಟ್ಟು, "ಅಣ್ಣಾ, ನಿಮಗೆ ಬಾಟಲಿ ಬೇಕಿತ್ತಲ್ಲ, ಮದರಂಗಿಯದ್ದು ತುಂಬಾ ಉಂಟು" ಎಂದು ಹೇಳಿ, ನನ್ನ ಉತ್ತರಕ್ಕೂ ಕಾಯದೆ ಬೈಕ್ ಹತ್ತಿ ಹೋದ. ಚೀಲ ಬಿಚ್ಚಿದರೆ, ಮದುವೆಗೆ ಮೊದಲಿನ ಮದರಂಗಿ ರಾತ್ರಿಯ ಪಾರ್ಟಿಯಲ್ಲಿ ಖಾಲಿಯಾದ, ಕಂದು ಗಾಜಿನ, 650 ಮಿಲಿಲೀಟರಿನ 31 ಬಿಯರ್ ಬಾಟಲಿಗಳು. ಸಂತೋಷದಿಂದ ಮೊದಲನೆಯದನ್ನು ಎತ್ತಿ ಬಿಸಿಲಿಗೆ ಹಿಡಿದೆ. ತಳದಲ್ಲಿ ಸಿಗರೇಟಿನ ಎರಡು ತುಂಡುಗಳು ಊದಿಕೊಂಡು ಮಲಗಿದ್ದವು. ಎರಡನೆಯದರಲ್ಲಿ ನೆಲಗಡಲೆಯ ಸಿಪ್ಪೆ. ಮೂರನೆಯದರಲ್ಲಿ ಲಿಂಬೆಯ ಹೋಳು, ಅದರ ಮೇಲೆ ಹತ್ತಿಯಂತೆ ಬೆಳೆದ ಬೂಸ್ಟು. ನಾಲ್ಕನೆಯದರಲ್ಲಿ ಏನಿತ್ತೆಂದು ಬರೆದರೆ ಇದನ್ನು ಊಟದ ಹೊತ್ತಿಗೆ ಓದುವವರು ನನ್ನನ್ನು ಕ್ಷಮಿಸಲಾರರು.

ನನ್ನ ಶುಂಠಿ ಬಿಯರಿನ ಹುಚ್ಚು ಇಲ್ಲಿರುವ ಹೆಚ್ಚಿನವರಿಗೆ ಗೊತ್ತು; ಕುಡಿದು ಹೊಗಳಿದವರೂ, ಕುಡಿದು ಮೌನವಾದವರೂ ಈ ಸ್ನೇಹಿತರ ಪಟ್ಟಿಯಲ್ಲಿದ್ದಾರೆ. ಬಿಯರ್ ಎಂಬ ಹೆಸರು ಕಂಡೊಡನೆ ಅಬಕಾರಿ ಇಲಾಖೆಯನ್ನು ನೆನಪಿಸುವ ಮಿತ್ರರಿಗೆ ಮತ್ತೊಮ್ಮೆ ಹೇಳುತ್ತೇನೆ: ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ, ನಾನು ಆ ದಾರಿಗೆ ಹೋದವನಲ್ಲ; ನನ್ನದು ಶುಂಠಿ, ಸಕ್ಕರೆ, ಲಿಂಬೆರಸ ಸೇರಿ, ಎರಡು ದಿನ ಹುದುಗಿ, ನೊರೆಗಟ್ಟಿದ ಕೂಡಲೇ ಫ್ರಿಜ್ಜಿಗೆ ಹೋಗುವ ಪಾನೀಯ. ಆದರೆ ಬಾಟಲಿಯ ಮಟ್ಟಿಗೆ ಅದಕ್ಕೂ ನಿಜವಾದ ಬಿಯರಿಗೂ ವ್ಯತ್ಯಾಸವಿಲ್ಲ. ಎರಡರಲ್ಲಿಯೂ ಯೀಸ್ಟ್ ಸಕ್ಕರೆಯನ್ನು ತಿಂದು ಅನಿಲ ಬಿಡುತ್ತದೆ, ಎರಡರಲ್ಲಿಯೂ ಆ ಅನಿಲವನ್ನು ಅದುಮಿ ಹಿಡಿಯುವುದು ಗಾಜು ಮತ್ತು ಮುಚ್ಚಳ ಮಾತ್ರ.

ನಾನು ಕೇಳುವುದು ಇಷ್ಟೇ: ಕುಡಿದು ಮುಗಿಸಿದ ಕೂಡಲೇ ಅರ್ಧ ಲೋಟ ನೀರು ಹಾಕಿ, ಕುಲುಕಿ, ಚೆಲ್ಲಿ. ಹತ್ತು ಸೆಕೆಂಡಿನ ಕೆಲಸ. ತಳದಲ್ಲಿ ಉಳಿದ ಒಂದು ಗುಟುಕು ಹಸಿಯಾಗಿರುವಾಗ ನೀರಿನೊಂದಿಗೆ ಹೊರಟುಹೋಗುತ್ತದೆ. ನಮ್ಮ ಮೇ ತಿಂಗಳ ಸೆಕೆಯಲ್ಲಿ ಎರಡು ದಿನ ಬಿಟ್ಟರೆ ಅದೇ ಗುಟುಕು ಒಣಗಿ, ಅಂಟಿ, ಗಾಜಿನ ಒಳಮೈಗೆ ಎರಡನೆಯ ಚರ್ಮವಾಗುತ್ತದೆ. ಆ ಪೊರೆಯ ಅಡಿಯಲ್ಲಿ ಅಡಗಿದ ಕ್ರಿಮಿಗಳಿಗೆ ಯಾವ ಔಷಧವೂ ತಲುಪುವುದಿಲ್ಲ. ಶುಚಿಗೊಳಿಸುವುದು ಬೇರೆ, ಕ್ರಿಮಿನಾಶ ಮಾಡುವುದು ಬೇರೆ, ಮೊದಲನೆಯದು ಆಗದೆ ಎರಡನೆಯದು ಆಗುವುದಿಲ್ಲ ಎಂಬುದನ್ನು ಹೊಸಬರು ಬೇರೆ ಎಲ್ಲವನ್ನೂ ಕಲಿತ ಮೇಲೆ, ಒಂದು ಪೂರ್ತಿ ಪಾತ್ರೆ ಶುಂಠಿರಸ ಚರಂಡಿಗೆ ಹೋದ ಮೇಲೆ ಕಲಿಯುತ್ತಾರೆ.

"ಮಂಗಳೂರಿಗೆ ನೀರುಣಿಸುವ ತುಂಬೆಯ ಅಣೆಕಟ್ಟಿನಲ್ಲಿ ನೀರು ಇಳಿಯುತ್ತಿರುವಾಗ, ದಿನ ಬಿಟ್ಟು ದಿನ ನಳ್ಳಿ ಬರುವಾಗ, ಕುಡಿದ ಬಾಟಲಿಯನ್ನು ತೊಳೆಯಬೇಕೇ ಮಾರಾಯ್ರೆ?" ಎಂದು ಕಳೆದ ವರ್ಷ ಒಬ್ಬರು ಕೇಳಿದ್ದರು. ಕೇಳಲು ಬಹಳ ಜವಾಬ್ದಾರಿಯುತ ಪ್ರಶ್ನೆ. ಅಂದೇ ನಾನು ಅಳೆದು ನೋಡಿದೆ. ಹಸಿ ಬಾಟಲಿಗೆ ನೂರು ಮಿಲಿಲೀಟರ್ ಸಾಕು. ಒಣಗಿದ್ದಕ್ಕೆ ನೆನೆಹಾಕಲು, ಬ್ರಷ್ ಹಾಕಿ ಉಜ್ಜಲು, ಮೂರು ಸಲ ಜಾಲಾಡಲು ಸುಮಾರು ನಾಲ್ಕು ಲೀಟರ್ ಹೋಯಿತು. ನೀರು ಉಳಿಸುವ ಕಾಳಜಿಯನ್ನು ಇಷ್ಟು ಉದಾರವಾಗಿ ನನ್ನ ನಳ್ಳಿಯ ಮೇಲೆ ಹೊರಿಸಿದವರಿಗೆ ನಮಸ್ಕಾರ.

ಇನ್ನೊಂದು ವಾದವೂ ಇದೆ: ಗುಜರಿಗೆ ಹೋದ ಬಾಟಲಿಗಳನ್ನು ಕಾರ್ಖಾನೆಯಲ್ಲಿ ಹೇಗೂ ಬಿಸಿ ಕಾಸ್ಟಿಕ್ ಸೋಡಾದಲ್ಲಿ ತೊಳೆದು ಮತ್ತೆ ತುಂಬಿಸುತ್ತಾರೆ, ನಾವೇಕೆ ತಲೆ ಕೆಡಿಸಿಕೊಳ್ಳಬೇಕು? ತೊಳೆಯುವುದು ನಿಜ. ಆದರೆ ಕಾರ್ಖಾನೆಗೆ ಮುಟ್ಟುವ ಮೊದಲು ಅವನ್ನು ಕೈಯಿಂದ ವಿಂಗಡಿಸುವವರು ಮನುಷ್ಯರೇ, ಮತ್ತು ನಮ್ಮ ಬಚ್ಚಲುಮನೆಯಲ್ಲಿ ಆ ಯಂತ್ರವಿಲ್ಲ.

ಹಾಗೆ ಸುತ್ತಿ ಬಂದ ಬಾಟಲಿಗಳ ಮೈಯಲ್ಲಿ ಒಂದು ಗುರುತು ಇರುತ್ತದೆ, ಹೊಸಬರು ಅದನ್ನು ಓದಲು ಕಲಿಯಬೇಕು. ಹೆಗಲಿನ ಹತ್ತಿರ ಮತ್ತು ತಳದ ಹತ್ತಿರ ಬಿಳಿಯ, ಸವೆದ ಉಂಗುರ ಕಾಣುತ್ತದೆ. ಒಂದು ಬಾಟಲಿ ಇನ್ನೊಂದಕ್ಕೆ ಉಜ್ಜಿ ಉಜ್ಜಿ ಆದ ಗಾಯ ಅದು. ಉಂಗುರ ತೆಳುವಾಗಿದ್ದರೆ ಇಟ್ಟುಕೊಳ್ಳುತ್ತೇನೆ, ಬೆರಳಿಗೆ ತರಿತರಿಯಾಗಿ ಸಿಕ್ಕರೆ ಬಿಡುತ್ತೇನೆ, ಏಕೆಂದರೆ ಒತ್ತಡದಲ್ಲಿ ಗಾಜು ಒಡೆಯುವುದು ಗೀರಿನಿಂದಲೇ. ಬಳಿಕ ಉಗುರನ್ನು ಬಾಯಿಯ ಸುತ್ತ ನಿಧಾನವಾಗಿ ತಿರುಗಿಸಬೇಕು. ಓಪನರ್ ಸಿಗದೆ ಮೇಜಿನ ಅಂಚಿಗೆ ಬಡಿದು ತೆರೆದ ಶೂರರ ಬಾಟಲಿಗಳಲ್ಲಿ ಒಂದು ಚಿಕ್ಕ ಚೆಕ್ಕೆ ಎದ್ದಿರುತ್ತದೆ. ಅದು ಕಣ್ಣಿಗೆ ಕಾಣದಿದ್ದರೂ ಉಗುರಿಗೆ ಸಿಗುತ್ತದೆ, ಅನಿಲಕ್ಕೂ ಸಿಗುತ್ತದೆ. ಬಾಯಿಯಲ್ಲಿ ತಿರುಪಿನ ಎಳೆಗಳಿರುವ ಬಾಟಲಿಗಳನ್ನೂ ತೆಗೆದಿಡುತ್ತೇನೆ. ಕೈಯಂತ್ರದಿಂದ ಒತ್ತುವ ಮುಚ್ಚಳ ಅವುಗಳ ಮೇಲೆ ಬಿಗಿಯಾಗಿ ಕೂರುವುದಿಲ್ಲ. 1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ಪೇಟೆಂಟ್ ಪಡೆದ ಕ್ರೌನ್ ಮುಚ್ಚಳ ಇಂದಿಗೂ ನಮ್ಮೆಲ್ಲರ ಆಧಾರ, 26 ಮಿಲಿಮೀಟರಿನ, 21 ಹಲ್ಲುಗಳ ಆ ಪುಟ್ಟ ಕಿರೀಟಕ್ಕೆ ನಯವಾದ ಬಾಯಿ ಬೇಕು. ಬಾಟಲಿಯ ಬಣ್ಣದ ಬಗ್ಗೆ ಮಾತ್ರ ಶುಂಠಿಯವರು ಚಿಂತಿಸಬೇಕಾಗಿಲ್ಲ. ಬೆಳಕಿಗೆ ಕೆಡುವುದು ಹಾಪ್ಸ್ ಎಂಬ ಕಹಿ ಹೂ ಹಾಕಿದ ಬಿಯರ್, ಶುಂಠಿಯಲ್ಲ.

ಇಷ್ಟೆಲ್ಲ ಕೆಲಸವೇಕೆ, ಅಂಗಡಿಯಲ್ಲಿ ಚಂದದ ಬಾಟಲಿ ಸಿಗುತ್ತದಲ್ಲ ಎಂದು ಹೇಳಿದ ನನ್ನ ಅಕ್ಕನ ಮಗ, ಚೌಕಾಕಾರದ, ತಂತಿಯ ಬಿರಡೆಯಿರುವ ಆರು ಅಲಂಕಾರದ ಬಾಟಲಿಗಳನ್ನು ಕೊಂಡುಕೊಂಡ. ಚೌಕ ಬಾಟಲಿಯ ಮೂಲೆಗಳಲ್ಲಿ ಒತ್ತಡ ಒಟ್ಟಾಗುತ್ತದೆ, ದುಂಡನೆಯದರಲ್ಲಿ ಸಮನಾಗಿ ಹಂಚಿಹೋಗುತ್ತದೆ. ಇದನ್ನು ನಾನು ಹೇಳಿದೆ, ಅವನು ತಲೆಯಾಡಿಸಿದ, ಮೂರನೆಯ ರಾತ್ರಿ ಅಕ್ಕನ ಅಡುಗೆಮನೆಯ ಕಪಾಟಿನಲ್ಲಿ ಒಂದು ಸ್ಫೋಟಿಸಿತು. ಯಾರಿಗೂ ಗಾಯವಾಗಲಿಲ್ಲ. ಅಕ್ಕ ನನ್ನೊಡನೆ ಒಂದು ವಾರ ಮಾತಾಡಲಿಲ್ಲ, ತಪ್ಪು ನನ್ನದೆಂಬಂತೆ. ಗಾಜಿನ ಭಯವಿರುವವರು ಮೊದಲ ಸಲ ಪ್ಲಾಸ್ಟಿಕ್ಕಿನ ಸೋಡಾ ಬಾಟಲಿಯಲ್ಲಿಯೇ ಮಾಡಲಿ. ಅದನ್ನು ಅನಿಲದ ಒತ್ತಡಕ್ಕೆಂದೇ ಮಾಡಿರುತ್ತಾರೆ. ಗಾಜಿನಲ್ಲಿ ತುಂಬುವಾಗಲೂ ನಾನು ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಸಾಕ್ಷಿಗೆ ಇಡುತ್ತೇನೆ, ಅದು ಅಮುಕಿದರೆ ಬಗ್ಗದಷ್ಟು ಗಟ್ಟಿಯಾದ ಕೂಡಲೇ ಎಲ್ಲವೂ ಫ್ರಿಜ್ಜಿಗೆ.

ತೊಳೆಯುವ ಕ್ರಮವನ್ನು ಕೇಳಿದವರಿಗಾಗಿ ಬರೆಯುತ್ತೇನೆ, ಆದರೆ ಅದರ ಮುಕ್ಕಾಲು ಪಾಲು ಆ ಅರ್ಧ ಲೋಟ ನೀರು ಇಲ್ಲದ್ದರ ದಂಡವೆಂಬುದನ್ನು ನೆನಪಿಡಿ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ರಾತ್ರಿಯಿಡೀ ಮುಳುಗಿಸಿಟ್ಟರೆ ಕಾಗದದ ಲೇಬಲ್ ಬೆಳಿಗ್ಗೆ ತಾನಾಗಿ ತೇಲುತ್ತದೆ. ಉಳಿದ ಅಂಟಿಗೆ ನಮ್ಮೂರಿನ ಸರ್ವರೋಗದ ಮದ್ದಾದ ತೆಂಗಿನೆಣ್ಣೆ. ಒಳಗೆ ಉದ್ದ ಹಿಡಿಯ ಬ್ರಷ್. ನನ್ನ ಅಜ್ಜಿ ಪುನರ್ಪುಳಿಯ ಶರಬತ್ತಿನ ಬಾಟಲಿಗಳಿಗೆ ಮರಳು ಹಾಕಿ ಕುಲುಕುತ್ತಿದ್ದರು. ಶರಬತ್ತಿಗೆ ಅದು ಸರಿ, ಒತ್ತಡ ತಡೆಯಬೇಕಾದ ಗಾಜಿನ ಒಳಗೆ ಗೀರು ಮಾಡುವುದು ಬೇಡ, ಒಂದು ಮುಷ್ಟಿ ಅಕ್ಕಿ ಹಾಕಿದರೆ ಸಾಕು. ಸುವಾಸನೆಯ ಸಾಬೂನು ಬೇಡವೇ ಬೇಡ, ಅದರ ಪೊರೆ ಉಳಿದರೆ ನೊರೆ ನಿಲ್ಲುವುದಿಲ್ಲ. ಕೊನೆಗೆ ಬಚ್ಚಲಿನ ಹಂಡೆಯ ತಳಕ್ಕೆ ಹಳೆಯ ಬೈರಾಸು ಹಾಸಿ, ಬಾಟಲಿಗಳನ್ನು ಮಲಗಿಸಿ, ಒಳಗೂ ಹೊರಗೂ ತಣ್ಣೀರು ತುಂಬಿಸಿ, ನಿಧಾನವಾಗಿ ಕಾಯಿಸಿ, ಕುದಿ ಬಂದ ಮೇಲೆ ಹತ್ತು ನಿಮಿಷ ಬಿಟ್ಟು, ಅದೇ ನೀರಿನಲ್ಲಿ ಆರಲು ಬಿಡುತ್ತೇನೆ. ತಣ್ಣನೆಯ ಬಾಟಲಿಗೆ ಕುದಿಯುವ ನೀರನ್ನು ನೇರವಾಗಿ ಸುರಿದರೆ ತಳ ವೃತ್ತಾಕಾರವಾಗಿ, ಅಳತೆಗೆ ಕತ್ತರಿಸಿದಂತೆ ಕಳಚಿ ಬೀಳುತ್ತದೆ. ಎರಡು ಸಲ ನೋಡಿದ್ದೇನೆ.

ಈಗ, ಕೋಪ ಸ್ವಲ್ಪ ಇಳಿದಿರುವುದರಿಂದ, ಒಂದು ಮಾತು ಒಪ್ಪಿಕೊಳ್ಳಬೇಕು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಕಂಕನಾಡಿಯ ಬಾಡಿಗೆ ಕೋಣೆಯಲ್ಲಿ, ಆಶ್‌ಟ್ರೇ ಕೊಳ್ಳುವ ಸೋಮಾರಿತನಕ್ಕೆ ನಾನು ಸಿಗರೇಟನ್ನು ಆರಿಸುತ್ತಿದ್ದುದು ಬಿಯರ್ ಬಾಟಲಿಯಲ್ಲಿಯೇ. ತಿಂಗಳಿಗೊಮ್ಮೆ ಬಂದು ಆ ಬಾಟಲಿಗಳನ್ನು ಒಯ್ಯುತ್ತಿದ್ದ ಗುಜರಿಯವರು ಪ್ರತಿಯೊಂದನ್ನೂ ಮೆಟ್ಟಿಲಿನ ಬಳಿ ಬಗ್ಗಿಸಿ, ಬೆರಳಿನಿಂದ ತುಂಡುಗಳನ್ನು ಹೊರಗೆಳೆದು, ಏನೂ ಹೇಳದೆ ಚೀಲಕ್ಕೆ ಹಾಕುತ್ತಿದ್ದರು. ನಾನು ಮೇಲೆ ನಿಂತು ಲೆಕ್ಕ ಮಾಡುತ್ತಿದ್ದೆ, ಎಷ್ಟು ರೂಪಾಯಿ ಆಗುತ್ತದೆ ಎಂದು. ಇದನ್ನು ಬಲ್ಲ ಮೂವರು ಈ ಪಟ್ಟಿಯಲ್ಲಿದ್ದಾರೆ, ಅವರು ಕಮೆಂಟು ಬರೆಯದಿದ್ದರೆ ಉಪಕಾರ.

ಮಧ್ಯಾಹ್ನದವರೆಗಿನ ಲೆಕ್ಕ: 31ರಲ್ಲಿ ಏಳು ಬಾಯಿ ಚೆಕ್ಕೆ ಎದ್ದವು, ಮೂರು ಉಂಗುರ ಸವೆದವು, ಎರಡನ್ನು ನಾಲ್ಕನೆಯ ಬಾಟಲಿಯ ಕಾರಣಕ್ಕಾಗಿ ನಾನು ಮುಟ್ಟಲೇ ಇಲ್ಲ. ಉಳಿದ 19 ಸೋಡಾದ ನೀರಿನಲ್ಲಿ ಮುಳುಗಿವೆ. ಸಂಜೆ ಹುಡುಗ ಮತ್ತೆ ಬಂದು, ಬರುವ ಶನಿವಾರ ಕುಲಶೇಖರದಲ್ಲಿ ಅವನ ಚಿಕ್ಕಪ್ಪನ ಮಗನ ಮದರಂಗಿ ಉಂಟು, ಇನ್ನೂ ಹೆಚ್ಚು ಸಿಗುತ್ತದೆ ಎಂದ. ನಮ್ಮ ನೀಲಿ ಬಕೆಟ್ಟನ್ನು ಅವನ ಕೈಗೆ ಕೊಟ್ಟು, ನೀರು ತುಂಬಿಸಿ ಮೇಜಿನ ಪಕ್ಕ ಇಡಬೇಕು, ಖಾಲಿಯಾದದ್ದು ನೇರ ಅದರೊಳಗೆ ಬೀಳಬೇಕು ಎಂದು ಎರಡು ಸಲ ಹೇಳಿದೆ. "ಆಯ್ತು ಅಣ್ಣ" ಎಂದು, ಬೈಕಿನ ಕನ್ನಡಿಗೆ ಬಕೆಟ್ ನೇತುಹಾಕಿಕೊಂಡು, ಮತ್ತೊಮ್ಮೆ ಉತ್ತರಕ್ಕೆ ಕಾಯದೆ ಹೋದ.