ಸೆಟ್ ಆತಾ?

ನಮ್ಮ ದಾವಣಗೆರೆಯಲ್ಲಿ ಸೆಟ್ ಆಗದ ವಸ್ತುವೇ ಇಲ್ಲ. ಮೊಸರು ಸೆಟ್ ಆಗುತ್ತೆ, ಮನೆ ಮೋಲ್ಡಿಂಗ್ ಸೆಟ್ ಆಗುತ್ತೆ, ಪಿ.ಬಿ. ರಸ್ತೆಯ ಗ್ಯಾರೇಜಿನಲ್ಲಿ ಕಾರ್ಬೊರೇಟರ್ ಸೆಟ್ ಆಗುತ್ತೆ. ಹೆಪ್ಪು ಅನ್ನೋ ಚಂದದ ಮಾತು ಈಗ ನಮ್ಮಮ್ಮನ ಬಾಯಲ್ಲಿ ಮಾತ್ರ.

ಹೈಸ್ಕೂಲಿನಲ್ಲಿ ಈ ಸೆಟ್ ಅನ್ನೋ ಪದ ಕಂಡರೆ ನನಗೆ ಭಾರಿ ಪ್ರೀತಿ. ಗೋ, ವೆಂಟ್, ಗಾನ್ ಅಂತ ತಲೆ ಕೆಡಿಸಿಕೊಳ್ಳೋ ಹಾಗಿಲ್ಲ. ಸೆಟ್, ಸೆಟ್, ಸೆಟ್. ಮುಗೀತು. ಇದರಷ್ಟು ಕಿಲಾಡಿ ಇನ್ನೊಂದಿಲ್ಲ ಅಂತ ಆಮೇಲೆ ಗೊತ್ತಾಯಿತು. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 20 ಸಂಪುಟಗಳಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದರದ್ದೇ. ಕ್ರಿಯಾಪದವಾಗಿಯೇ ಸುಮಾರು 430 ಅರ್ಥ! ಹುಟ್ಟಿದಾಗ ಪಾಪ ಸಾಧುವೇ ಇತ್ತು. ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ಅಷ್ಟೇ.

ಹೋದ ಭಾನುವಾರ ನಾನು ತಾರಸಿ ಮೇಲೆ ಕೂರಿಸುತ್ತಿದ್ದದ್ದು ಡಿಶ್. ಹಿಂದಿನ ರಾತ್ರಿಯ ಗಾಳಿಗೆ ಅದು ಮುಖ ತಿರುಗಿಸಿಕೊಂಡಿತ್ತು. ರಿಪೇರಿ ಹುಡುಗ ನಟ್ಟು ಬಿಗಿಯುತ್ತಿದ್ದ, ನಾನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ. ಆಗಲೇ ಹರಿಹರದಿಂದ ಅತ್ತೆಯ ಫೋನ್. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ.

"ಏನಪ್ಪಾ, ಸೆಟ್ ಆತಾ?"

"ಈಗ ಆತು ನೋಡತ್ತೆ. ಮೊದ್ಲು ಜಗ್ಗಲೇ ಇಲ್ಲ. ಒಂಚೂರು ಬಗ್ಗಿಸಿದ್ವಿ, ಸರಿಹೋತು."

"ಹಂಗೇ ಮಾಡ್ಬೇಕು! ಎಷ್ಟಾಗ್ಬೋದು?"

"ಮುನ್ನೂರು ಅಂದಾರೆ."

"ಬರೇ ಮುನ್ನೂರಾ? ನಮ್ಮ ಕಡೆಯೋರೇ ಅಷ್ಟಾಗ್ತಾರಲ್ಲೋ!"

ಡಿಶ್‌ಗೂ ನಮ್ಮ ಕಡೆಯೋರಿಗೂ ಏನು ಸಂಬಂಧ ಅಂತ ಕೇಳೋಣ ಅನ್ನೋದರೊಳಗೆ ಫೋನ್ ಜಾರಿ ನೀರಿನ ಟ್ಯಾಂಕಿನ ಪಕ್ಕ ಬಿತ್ತು. ಸುಮ್ನೆ ಬಿಟ್ಟೆ. ಬಿಡಬಾರದಿತ್ತು.

ಸಂಜೆ ಆಟೋದಿಂದ ಅತ್ತೆ, ಮಾವ, ಎರಡು ಕೆಜಿ ಪೇಡೆ, ಒಂದು ಮೊಳವಲ್ಲ, ನಾಲ್ಕು ಮಾರು ಮಲ್ಲಿಗೆ ಇಳಿದವು. ಹರಿಹರ ಎಷ್ಟು ದೂರ, 14 ಕಿಲೋಮೀಟರ್. ಬಸ್ಸಿನಲ್ಲಿ ಕೂತಿದ್ದ ಅಷ್ಟು ಹೊತ್ತಿನಲ್ಲೇ ಚಿತ್ರದುರ್ಗದವರೆಗೂ ಸುದ್ದಿ ಮುಟ್ಟಿಸಿದ್ದರು: ನನ್ನ ತಂಗಿಯ ಮದುವೆ ಸೆಟ್ ಆಗಿದೆ.

ಹುಡುಗನ ಕಡೆಯವರು ಶುಕ್ರವಾರ ಬಂದಿದ್ದು ನಿಜ. ಉಪ್ಪಿಟ್ಟು, ಕೇಸರಿಬಾತು ತಿಂದು "ಮನೆಗೆ ಹೋಗಿ ತಿಳಿಸ್ತೀವಿ" ಅಂದಿದ್ದರು. ಅವರು ತಿಳಿಸೋ ಮೊದಲೇ ತಂಗಿ ನಮಗೆ ತಿಳಿಸಿದ್ದಳು, "ನಂಗೆ ಸೆಟ್ ಆಗಲ್ಲ" ಅಂತ.

ವಿಷಯ ಬಿಡಿಸಿ ಹೇಳಿದೆ. ಅತ್ತೆ ಪೇಡೆ ಡಬ್ಬಿಯ ಮುಚ್ಚಳ ಹಾಕಿದರು. ಮಾವ ಅಷ್ಟರಲ್ಲಿ ಎರಡು ಮುಗಿಸಿದ್ದರು. ತಂಗಿ ಮಲ್ಲಿಗೆಯನ್ನು ಮಾತ್ರ ವಾಪಸ್ ಕೊಡಲಿಲ್ಲ. ಯಾರೂ ಮಾತಾಡದೇ ಇದ್ದಾಗ ನಮ್ಮ ಮನೆಯಲ್ಲಿ ಮಾಡೋದು ಒಂದೇ ಕೆಲಸ, ಟಿವಿ ಹಾಕೋದು. ಹಾಕಿದೆ. ಧಾರಾವಾಹಿಯಲ್ಲಿ ತಾಳಿ ಕಟ್ಟೋ ಹೊತ್ತು. ಹೊರಗೆ ಒಂದು ಸಲ ಜೋರಾಗಿ ಗಾಳಿ ಬೀಸಿತು. ಪರದೆ ನೀಲಿಯಾಯಿತು.

ಅತ್ತೆ ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಇದೂ ಸೆಟ್ ಆಗಿಲ್ಲೇನಪ್ಪಾ?"