90 ಮೈಲಿ ಆಚೆಯ ಹಣೆಪಟ್ಟಿ

ಕಳೆದ ವರ್ಷ ಒಂದು ಸಣ್ಣ ಪೇಚಿಗೆ ಸಿಕ್ಕಿಕೊಂಡೆ. ಆಫೀಸಿನ ಗೆಳೆಯರೆಲ್ಲ ಸೇರಿ ಮಧ್ಯಾಹ್ನಕ್ಕೆ ಸ್ಯಾಂಡ್‌ವಿಚ್ ತರಿಸಿದ್ದೆವು. ನನ್ನ ಪಾಲಿನ 12 ಡಾಲರ್ ಫೋನಿನಲ್ಲೇ ಕಳಿಸಿದೆ. ಯಾವುದಕ್ಕೆ ಎಂದು ಕೇಳಿದ ಜಾಗದಲ್ಲಿ ‘ಕ್ಯೂಬನ್’ ಎಂದು ಬರೆದೆ. ನಾನಿರುವ ಅಮೆರಿಕದ ಫ್ಲೋರಿಡಾ ರಾಜ್ಯದ ಟ್ಯಾಂಪಾದಲ್ಲಿ ಕ್ಯೂಬನ್ ಅಂದರೆ ಒಳಗೆ ಮಾಂಸ, ಚೀಸ್ ಇಟ್ಟು ಒತ್ತಿ ಸುಟ್ಟ ಬ್ರೆಡ್ಡು, ಅಷ್ಟೇ. (ನಾನು ತಿಂದದ್ದು ಅದರ ಸಸ್ಯಾಹಾರಿ ಅವತಾರ.) ದುಡ್ಡು ಹೋಗಲಿಲ್ಲ. ಮಾರನೇ ದಿನ ಒಂದು ಮೇಲ್ ಬಂತು. ನಿಮ್ಮ ಪಾವತಿಯಲ್ಲಿ ಈ ಪದ ಯಾಕಿದೆ, ವಿವರಿಸಿ ಎಂದು.

ಒಂದು ಸ್ಯಾಂಡ್‌ವಿಚ್ಚಿಗೆ ಇಷ್ಟು ರಗಳೆಯಾ ಎಂದು ಮೊದಲು ನಗು ಬಂತು. ಆಮೇಲೆ ಯೋಚನೆಗೆ ಹತ್ತಿತು. ಪಕ್ಕದ ದೇಶ ಕ್ಯೂಬಾದ ಹೆಸರು ಬರೆದರೇ ಯಂತ್ರ ಬೆಚ್ಚಿಬೀಳುವಷ್ಟು ಜಗಳ ಇದು. ನಮಗೂ ಪಕ್ಕದ ಪಾಕಿಸ್ತಾನದ ಜೊತೆ ಜಗಳವಿದೆ. ಆದರೆ ಎರಡೂ ಜಗಳ ಆಡುವ ರೀತಿ ಒಂದೇ ಅಲ್ಲ.

ಫ್ಲೋರಿಡಾದ ದಕ್ಷಿಣ ತುದಿ ಕೀ ವೆಸ್ಟ್. ಅಲ್ಲಿ ಸಮುದ್ರದ ಅಂಚಿಗೆ ಬಣ್ಣ ಬಳಿದ ದೊಡ್ಡ ಕಾಂಕ್ರೀಟ್ ಗುರುತೊಂದು ನಿಂತಿದೆ. ‘ಕ್ಯೂಬಾಕ್ಕೆ 90 ಮೈಲಿ’ ಎಂದು ಅದರ ಮೇಲೆ ಬರೆದಿದೆ. ಹೆಚ್ಚುಕಮ್ಮಿ 145 ಕಿಲೋಮೀಟರ್. ಬೆಂಗಳೂರಿಂದ ಮೈಸೂರಿಗೆ ಹೋದಷ್ಟು. ಅಮೃತಸರದಿಂದ ಲಾಹೋರ್ ಇನ್ನೂ ಹತ್ತಿರ, 50 ಕಿಲೋಮೀಟರ್ ಆಸುಪಾಸು. ಹತ್ತಿರದವರ ಜಗಳವೇ ಜಾಸ್ತಿ ದಿನ ನಡೆಯುವುದು, ಅಲ್ವಾ.

ಅಮೆರಿಕ ಕ್ಯೂಬಾ ಜೊತೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡದ್ದು 1961ರ ಜನವರಿಯಲ್ಲಿ. ಪೂರ್ತಿ ವ್ಯಾಪಾರ ನಿರ್ಬಂಧ ಬಂದದ್ದು 1962ರಲ್ಲಿ, ಕೆನಡಿ ಕಾಲದಲ್ಲಿ. ನನ್ನ 12 ಡಾಲರ್ ನಿಲ್ಲಿಸಿದ್ದು ಮೂಲದಲ್ಲಿ ಈ ನಿರ್ಬಂಧವೇ. ಅದರ ಮೇಲೆ ಇನ್ನೊಂದು ಬರೆ ಬಿದ್ದದ್ದು 1982ರ ಮಾರ್ಚ್‌ನಲ್ಲಿ. ಭಯೋತ್ಪಾದನೆಗೆ ಕುಮ್ಮಕ್ಕು ಕೊಡುವ ದೇಶಗಳು ಎಂದು ಅಮೆರಿಕದ ವಿದೇಶಾಂಗ ಇಲಾಖೆ 1979ರಿಂದ ಒಂದು ಪಟ್ಟಿ ಇಟ್ಟುಕೊಂಡಿದೆ. ಲ್ಯಾಟಿನ್ ಅಮೆರಿಕದ ಬಂಡುಕೋರರಿಗೆ ಬಂದೂಕು, ತರಬೇತಿ ಕೊಡುತ್ತೀರಿ ಎಂದು ಕ್ಯೂಬಾವನ್ನು ಅದಕ್ಕೆ ಸೇರಿಸಿದರು. ಆರೋಪ ಸುಳ್ಳಲ್ಲ, ಕೊಡುತ್ತಿದ್ದರು. ಆದರೆ ಅದೇ ವರ್ಷ ಇರಾಕನ್ನು ಪಟ್ಟಿಯಿಂದ ತೆಗೆದರು. ಸದ್ದಾಂ ಹುಸೇನ್ ಸಾಧುವಾಗಿದ್ದರು ಅಂತಲ್ಲ. ಇರಾನ್ ವಿರುದ್ಧದ ಯುದ್ಧದಲ್ಲಿ ಅವರಿಗೆ ನೆರವು ಕೊಡಬೇಕಿತ್ತು, ಪಟ್ಟಿ ಅಡ್ಡ ಬರುತ್ತಿತ್ತು.

ನಮ್ಮ ಪಕ್ಕದ ಮನೆಯಲ್ಲಿ ಒಂದು ಕ್ಯೂಬನ್ ಸಂಸಾರವಿದೆ. ಮನೆಯ ಅಜ್ಜ 1980ರಲ್ಲಿ ಮರಿಯೆಲ್ ಬಂದರಿನಿಂದ ದೋಣಿಯಲ್ಲಿ ಬಂದವರು. ಆ ಆರು ತಿಂಗಳಲ್ಲಿ ಸುಮಾರು ಒಂದೂಕಾಲು ಲಕ್ಷ ಜನ ಹಾಗೆ ದಾಟಿದರು. ಸೊಸೆ ಬಂದು ಮೂರು ನಾಲ್ಕು ವರ್ಷ ಆಗಿದೆ ಅಷ್ಟೇ. ಅಜ್ಜನ ಪ್ರಕಾರ ಆ ಪಟ್ಟಿಯಿಂದ ಕ್ಯೂಬಾವನ್ನು ಎಂದೂ ತೆಗೆಯಬಾರದು. ತನ್ನ ತಮ್ಮನನ್ನು ಜೈಲಿಗೆ ಹಾಕಿದ ಸರ್ಕಾರಕ್ಕೆ ಯಾವ ಬಿಡುಗಡೆಯೂ ಬೇಡ ಅನ್ನುತ್ತಾರೆ. ಸೊಸೆ ತಿಂಗಳಿಗೊಮ್ಮೆ ಅಮ್ಮನಿಗೆ ಬಿಪಿ ಮಾತ್ರೆ, ಹಾಲಿನ ಪುಡಿ, ಸೋಪು ಕಟ್ಟಿ ಆ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತಾಳೆ. “ಮಂತ್ರಿಗಳ ಮನೆಯಲ್ಲಿ ಮಾತ್ರೆ ಮುಗಿಯಲ್ಲ ಮಾವ, ನಮ್ಮಮ್ಮನ ಮನೆಯಲ್ಲಿ ಮುಗಿಯುತ್ತೆ” ಎಂದು ಒಮ್ಮೆ ನನ್ನೆದುರೇ ಅಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತೇವಲ್ಲ, ಅದನ್ನೇ ಅವಳು ಸ್ಪ್ಯಾನಿಷಿನಲ್ಲಿ ಹೇಳುತ್ತಿದ್ದಳು.

ಪಟ್ಟಿಯಲ್ಲಿದ್ದರೆ ಆಗುವುದೇನು? ಆಯುಧ ಮಾರುವಂತಿಲ್ಲ, ನೆರವು ಕೊಡುವಂತಿಲ್ಲ, ವಿಶ್ವಬ್ಯಾಂಕಿನ ಸಾಲಕ್ಕೆ ಅಮೆರಿಕ ವಿರೋಧಿಸಬೇಕು. ಕ್ಯೂಬಾ ವಿಶ್ವಬ್ಯಾಂಕಿನ ಸದಸ್ಯನೇ ಅಲ್ಲ, ಆ ಮಾತು ಬೇರೆ. ನಿಜವಾದ ಪೆಟ್ಟು ಬೀಳುವುದು ಬೇರೆ ಕಡೆ. ಬೇರೆ ಬೇರೆ ದೇಶಗಳ ಬ್ಯಾಂಕುಗಳು ಹೆದರಿ ಆ ದೇಶದ ವ್ಯವಹಾರವೇ ಬೇಡ ಅನ್ನುತ್ತವೆ. ಯುರೋಪಿನವನೊಬ್ಬ ರಜೆಗೆ ಹವಾನಾಕ್ಕೆ ಹೋಗಿ ಬಂದರೆ, ಆಮೇಲೆ ವೀಸಾ ಇಲ್ಲದೆ ಅಮೆರಿಕಕ್ಕೆ ಬರುವ ಸವಲತ್ತು ಕಳೆದುಕೊಳ್ಳುತ್ತಾನೆ. ಇದನ್ನು ಕೇಳಿದ ಮೇಲೆ ಹವಾನಾದ ಹೋಟೆಲು ಯಾಕೆ ಖಾಲಿ ಎಂದು ಕೇಳಬೇಕಿಲ್ಲ. ಅಲ್ಲಿನ ಸರ್ಕಾರದ ದಡ್ಡತನದ ಪಾಲೂ ಅದರಲ್ಲಿ ಇದೆ ಅನ್ನಿ.

ಇನ್ನು ಒಳಗೆ ಹಾಕಿ ಹೊರಗೆ ತೆಗೆಯುವ ಆಟ. 1992ರಲ್ಲೇ ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೊ, ಹೊರದೇಶದ ಬಂಡುಕೋರರಿಗೆ ನೆರವು ಕೊಡುವುದು ಮುಗಿದ ಕತೆ ಎಂದಿದ್ದರು. ಆದರೂ 23 ವರ್ಷ ಹೆಸರು ಹಾಗೇ ಇತ್ತು. 2014ರ ಡಿಸೆಂಬರಿನಲ್ಲಿ ಒಬಾಮಾ ಮತ್ತು ಆಗ ಕ್ಯೂಬಾದ ಅಧ್ಯಕ್ಷರಾಗಿದ್ದ ಫಿಡೆಲ್ ತಮ್ಮ ರಾವುಲ್ ಕ್ಯಾಸ್ಟ್ರೊ ಕೈ ಕುಲುಕಲು ಒಪ್ಪಿದರು. 2015ರ ಮೇ ತಿಂಗಳಲ್ಲಿ ಹೆಸರು ಹೊರಗೆ, ಜುಲೈನಲ್ಲಿ ರಾಯಭಾರ ಕಚೇರಿ ಶುರು. 2021ರ ಜನವರಿ 12ಕ್ಕೆ, ಟ್ರಂಪ್ ಮೊದಲ ಸಲ ಮನೆ ಖಾಲಿ ಮಾಡಲು ಎಂಟು ದಿನ ಇರುವಾಗ, ಮತ್ತೆ ಒಳಗೆ. ಮುಖ್ಯ ಕಾರಣ ಕೊಲಂಬಿಯಾದ ಇಎಲ್ಎನ್ ಬಂಡುಕೋರರ ಮುಖಂಡರು ಹವಾನಾದಲ್ಲಿ ಇದ್ದದ್ದು. ಅವರು ಬಂದದ್ದು ಕೊಲಂಬಿಯಾ ಸರ್ಕಾರದ ಜೊತೆಗಿನ ಶಾಂತಿ ಮಾತುಕತೆಗೆ. 2019ರಲ್ಲಿ ಬೊಗೊಟಾದ ಪೊಲೀಸ್ ಶಾಲೆಯಲ್ಲಿ ಬಾಂಬ್ ಸಿಡಿದ ಮೇಲೆ, ಹಿಡಿದುಕೊಡಿ ಎಂದು ಕೊಲಂಬಿಯಾ ಕೇಳಿತು. ಮಾತುಕತೆಗೆ ಬಂದವರನ್ನು ಸುರಕ್ಷಿತವಾಗಿ ವಾಪಸ್ ಕಳಿಸುತ್ತೇವೆ ಎಂದು ಬರೆದುಕೊಟ್ಟಿದ್ದೇವೆ, ಆಗಲ್ಲ ಎಂದಿತು ಕ್ಯೂಬಾ. 2025ರ ಜನವರಿ 14ರಂದು ಬೈಡನ್, ಪಟ್ಟಿಯಿಂದ ತೆಗೆಯುತ್ತೇನೆ ಎಂದರು. ಕ್ಯಾಥೊಲಿಕ್ ಚರ್ಚಿನ ಮಧ್ಯಸ್ಥಿಕೆಯಲ್ಲಿ 553 ಕೈದಿಗಳನ್ನು ಬಿಡಲು ಕ್ಯೂಬಾ ಒಪ್ಪಿತು. ಆರು ದಿನ ಕಳೆದು ಟ್ರಂಪ್ ಮತ್ತೆ ಕುರ್ಚಿಯಲ್ಲಿ ಕೂತರು. ಕೂತ ದಿನವೇ ಆ ಆದೇಶ ರದ್ದು.

ಆ ಆರು ದಿನದಲ್ಲಿ ಕ್ಯೂಬಾ ಕೈದಿಗಳನ್ನು ಬಿಡತೊಡಗಿತ್ತು, ಬೇರೇನೂ ಮಾಡಲಿಲ್ಲ. ಬದಲಾದದ್ದು ವಾಷಿಂಗ್ಟನ್. ಹೆಸರು ಇರಬೇಕೋ ಬೇಡವೋ ಎಂಬುದಕ್ಕೂ ಯಾರು ಎಲ್ಲಿ ಬಾಂಬ್ ಇಟ್ಟರು ಎಂಬುದಕ್ಕೂ ಸಂಬಂಧ ತೆಳುವಾಗಿಬಿಟ್ಟಿದೆ. ಕ್ಯೂಬಾ ಬಿಟ್ಟು ಬಂದವರು ತುಂಬಿರುವ ಮಯಾಮಿಯ ವೋಟಿನ ಜೊತೆ ಇರುವ ಸಂಬಂಧ ಮಾತ್ರ ದಪ್ಪಗಿದೆ.

ಒಂದು ದಿನ ಅಜ್ಜ ಬೇಲಿಯ ಆಚೆಯಿಂದ ಕೇಳಿದರು: “ನೀವು ಪಾಕಿಸ್ತಾನವನ್ನು ನಿಮ್ಮ ಪಟ್ಟಿಗೆ ಯಾವಾಗ ಹಾಕಿದಿರಿ?” ಪಹಲ್ಗಾಮ್ ಆಗಿ ಒಂದು ವಾರವೂ ಕಳೆದಿರಲಿಲ್ಲ. 26 ಜನ ಸತ್ತಿದ್ದರು, ಅವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಆ ವಾರ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ನಮ್ಮಲ್ಲಿ ದೇಶಗಳ ಪಟ್ಟಿಯೇ ಇಲ್ಲ ಎಂದೆ. ಅಜ್ಜ ನಂಬಲಿಲ್ಲ. “ಇಷ್ಟೆಲ್ಲ ಆದಮೇಲೂ?” ಅಂದರು. ನನಗೆ ನಾಚಿಕೆ ಆದಂತಾಯಿತು. ನಿಜ ಹೇಳಬೇಕೆಂದರೆ, ಆಗ ನನಗೂ ಆ ಪಟ್ಟಿ ಬೇಕು ಅನಿಸಿತ್ತು.

ಹಾಗೆ ಅನಿಸಿದವನು ನಾನೊಬ್ಬನೇ ಅಲ್ಲ. ಭಯೋತ್ಪಾದನೆ ತಡೆಯಲು ಇರುವ ನಮ್ಮ ಯುಎಪಿಎ ಕಾಯ್ದೆಯ ಕೊನೆಗೆ ಅನುಬಂಧಗಳಿವೆ. ಒಂದರಲ್ಲಿ ನಿಷೇಧಿತ ಸಂಘಟನೆಗಳ ಹೆಸರು. 2019ರ ತಿದ್ದುಪಡಿ ಆದಮೇಲೆ ಇನ್ನೊಂದರಲ್ಲಿ ವ್ಯಕ್ತಿಗಳ ಹೆಸರು. ಮಸೂದ್ ಅಜರ್, ಹಫೀಜ್ ಸಯೀದ್, ಲಖ್ವಿ, ದಾವೂದ್ ಇಬ್ರಾಹಿಂ, ಈ ನಾಲ್ವರಿಂದ ಅದು ಶುರುವಾಯಿತು. ದೇಶದ ಹೆಸರು ಬರೆಯುವ ಅಂಕಣ ಅಲ್ಲಿಲ್ಲ. ಅದನ್ನು ತರಬೇಕು ಎಂದು 2017ರಲ್ಲಿ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದವರು ಕರ್ನಾಟಕದಿಂದ ಆರಿಸಿಹೋಗಿದ್ದ ರಾಜೀವ್ ಚಂದ್ರಶೇಖರ್. ಕೇಂದ್ರದ ಗೃಹ ಸಚಿವಾಲಯ ಒಪ್ಪಲಿಲ್ಲ. ರಾಜತಾಂತ್ರಿಕ ಸಂಬಂಧ ಇಟ್ಟುಕೊಂಡಿರುವ ನೆರೆಯ ದೇಶವನ್ನು ಹಾಗೆ ಘೋಷಿಸುವುದು ಸರಿಯಲ್ಲ ಎಂಬುದು ಅದರ ನಿಲುವು. ಅದೂ ಕಾಶ್ಮೀರದ ಉರಿ ಸೇನಾ ನೆಲೆಯ ಮೇಲೆ ದಾಳಿ ಆಗಿ ಆರು ತಿಂಗಳೂ ತುಂಬದ ಹೊತ್ತಿನಲ್ಲಿ.

ಆಗ ಇದನ್ನು ಓದಿ ಬೈದುಕೊಂಡಿದ್ದೆ. ಇಲ್ಲಿ ಇಷ್ಟು ವರ್ಷ ಇದ್ದಮೇಲೆ ದೆಹಲಿಯ ಗುಮಾಸ್ತರ ತಲೆ ಓಡಿದ ರೀತಿ ಅರ್ಥವಾಗುತ್ತಿದೆ. ಭಾರತ ಮೆತ್ತಗೆ ಇದೆ ಎಂದು ನನಗೆ ಅನಿಸುವುದಿಲ್ಲ. 2019ರ ಆಗಸ್ಟ್‌ನಿಂದ ಎರಡೂ ಕಡೆ ಹೈಕಮಿಷನರ್ ಇಲ್ಲ. ಪುಲ್ವಾಮಾ ಆದಮೇಲೆ ಪಾಕಿಸ್ತಾನದ ಸರಕಿಗೆ 200 ಶೇಕಡಾ ಸುಂಕ ಹಾಕಿದರು. ಪಹಲ್ಗಾಮ್ ಆದಮೇಲೆ ಹೈಕಮಿಷನ್ ಸಿಬ್ಬಂದಿ 55ರಿಂದ 30ಕ್ಕೆ ಇಳಿಯಿತು, ಅಟ್ಟಾರಿ ಗೇಟು ಮುಚ್ಚಿತು, 1960ರ ಸಿಂಧೂ ಒಪ್ಪಂದ ಅಮಾನತಾಯಿತು. ಆಮೇಲೆ ಆಪರೇಷನ್ ಸಿಂಧೂರವೂ ನಡೆಯಿತು. ಆದರೆ ಆ ‘ಅಮಾನತು’ ಎಂಬ ಪದ ನೋಡಿ. ರದ್ದು ಅಂದಿಲ್ಲ. ನಮ್ಮೂರ ಕಚೇರಿಗಳಲ್ಲಿ ಅಮಾನತಾದವನು ಇವತ್ತಲ್ಲ ನಾಳೆ ಮತ್ತೆ ಬಂದು ಅದೇ ಮೇಜಿಗೆ ಕೂರುತ್ತಾನೆ, ಅದು ಎಲ್ಲರಿಗೂ ಗೊತ್ತು. ಇಲ್ಲೂ ಅಷ್ಟೇ. ದೆಹಲಿ ಹಾಕಿದ ಒಂದೊಂದು ಗಂಟನ್ನೂ ದೆಹಲಿಯೇ ಒಂದು ಆದೇಶದಲ್ಲಿ ಬಿಚ್ಚಬಹುದು. ಅಮೆರಿಕದ ಗಂಟು ಹಾಗಲ್ಲ. ಕ್ಯೂಬಾದ ಮೇಲಿನ ವ್ಯಾಪಾರ ನಿರ್ಬಂಧವನ್ನು 1996ರಲ್ಲಿ ಕಾನೂನಿಗೇ ಹೊಲಿದುಬಿಟ್ಟರು. ಈಗ ಅಧ್ಯಕ್ಷರು ಮನಸ್ಸು ಮಾಡಿದರೂ ಒಬ್ಬರೇ ಪೂರ್ತಿ ಬಿಚ್ಚಲಾರರು.

ಭಾರತ ಪಟ್ಟಿ ಮಾಡದಿರುವುದರಲ್ಲಿ ದೊಡ್ಡತನಕ್ಕಿಂತ ಕೈಲಾಗದ ಲೆಕ್ಕ ಜಾಸ್ತಿ ಇದೆ ಅನ್ನುವವರಿಗೆ ನಾನು ಇಲ್ಲ ಅನ್ನಲಾರೆ. ಅಮೆರಿಕದ ಪಟ್ಟಿ ಕಚ್ಚುವುದು ಡಾಲರಿನ ಹಲ್ಲಿನಿಂದ. ನಾವು ನಾಳೆ ಒಂದು ಪಟ್ಟಿ ಮಾಡಿ ಪಾಕಿಸ್ತಾನದ ಹೆಸರು ಬರೆದರೆ ದುಬೈನ ಯಾವ ಬ್ಯಾಂಕೂ ನಡುಗುವುದಿಲ್ಲ. ಹಲ್ಲಿಲ್ಲದ ಪಟ್ಟಿ ಸುಮ್ನೆ ಭಾಷಣಕ್ಕೆ ಬರುತ್ತದೆ, ಅಷ್ಟೇ.

ಹಲ್ಲಿರುವ ಅಮೆರಿಕ ಪಾಕಿಸ್ತಾನದ ವಿಷಯದಲ್ಲಿ ಏನು ಮಾಡಿತು? 1993ರಲ್ಲಿ ಪಟ್ಟಿಗೆ ಸೇರಿಸುವ ಬಗ್ಗೆ ಕೆಲವು ತಿಂಗಳು ಪರಿಶೀಲನೆಯಲ್ಲಿ ಇಟ್ಟು ಕೈಬಿಟ್ಟಿತು. 2004ರಲ್ಲಿ ನ್ಯಾಟೊ ಹೊರಗಿನ ಪ್ರಮುಖ ಮಿತ್ರ ಎಂಬ ಪಟ್ಟ ಕಟ್ಟಿತು. 2011ರಲ್ಲಿ ಬಿನ್ ಲಾಡೆನ್ ಅಬ್ಬೊಟ್ಟಾಬಾದಿನಲ್ಲಿ ಸಿಕ್ಕ ಮೇಲೂ ಪಟ್ಟ ಹಾಗೇ ಉಳಿಯಿತು. 2025ರ ಜುಲೈನಲ್ಲಿ ಪಹಲ್ಗಾಮ್ ದಾಳಿಗೆ ಸಂಬಂಧಿಸಿ, ಲಷ್ಕರ್-ಎ-ತೊಯ್ಬಾದ ಕವಲು ಎನಿಸಿದ ಟಿಆರ್‌ಎಫ್ ಅನ್ನು ವಿದೇಶಿ ಭಯೋತ್ಪಾದಕ ಸಂಘಟನೆ ಎಂದು ಘೋಷಿಸಿದರು, ದೆಹಲಿ ಖುಷಿಪಟ್ಟಿತು. ಮುಂದಿನ ತಿಂಗಳೇ, ಪಾಕಿಸ್ತಾನದ ವಿರುದ್ಧ ಬಂದೂಕು ಹಿಡಿದ ಬಲೂಚ್ ಲಿಬರೇಶನ್ ಆರ್ಮಿಯನ್ನು ಹಾಗೇ ಘೋಷಿಸಿದರು, ಇಸ್ಲಾಮಾಬಾದ್ ಖುಷಿಪಟ್ಟಿತು. ಇಬ್ಬರಿಗೂ ಒಂದೊಂದು ಲಡ್ಡು.

ನನಗೆ ಕೆಲಸ ಮಾಡಿದ ಪಟ್ಟಿ ಅನಿಸುವುದು, ಭಯೋತ್ಪಾದನೆಗೆ ಹೋಗುವ ಹಣದ ಮೇಲೆ ಕಣ್ಣಿಡುವ ಪ್ಯಾರಿಸ್‌ನ ಎಫ್‌ಎಟಿಎಫ್ ಎಂಬ ಸಂಸ್ಥೆಯ ಬೂದು ಪಟ್ಟಿ. ಪಾಕಿಸ್ತಾನ 2018ರ ಜೂನ್‌ನಿಂದ 2022ರ ಅಕ್ಟೋಬರ್‌ವರೆಗೆ ಅದರಲ್ಲಿತ್ತು. ಅವರು ಬೈಗುಳ ಬರೆಯಲಿಲ್ಲ, ಕೆಲಸ ಬರೆದುಕೊಟ್ಟರು. ಒಟ್ಟು 34 ಅಂಶ. ಇಷ್ಟು ಮಾಡಿದರೆ ಹೊರಗೆ, ಮಾಡದಿದ್ದರೆ ಒಳಗೆ. ವರ್ಷಗಟ್ಟಲೆ ಮನೆಯಲ್ಲಿ ಆರಾಮವಾಗಿದ್ದ ಹಫೀಜ್ ಸಯೀದ್‌ಗೆ 2020ರಲ್ಲಿ ಪಾಕಿಸ್ತಾನದ ಕೋರ್ಟೇ ಶಿಕ್ಷೆ ಕೊಟ್ಟಿತು. 2021ರಲ್ಲಿ ಲಖ್ವಿಗೆ ಆಯಿತು. ಮನಸ್ಸಿನಿಂದ ಮಾಡಿದರು ಎಂದು ನಾನು ನಂಬುವುದಿಲ್ಲ. ಆದರೂ ಮಾಡಿದರು. ಹೊರಗೆ ಬರುವ ಬಾಗಿಲು ಎಲ್ಲಿದೆ ಎಂದು ಅವರಿಗೆ ಕಾಣುತ್ತಿತ್ತು. ಹೊರಗೆ ಬಂದ ಮೇಲೆ ಮತ್ತೆ ಹಳೇ ಚಾಳಿ ಎಂದು ಭಾರತ ಹೇಳುತ್ತಿದೆ, ಅದನ್ನು ತಳ್ಳಿಹಾಕಲು ನನ್ನಲ್ಲಿ ಕಾರಣವಿಲ್ಲ. ಕ್ಯೂಬಾಕ್ಕಾದರೋ ಬಾಗಿಲು ಎಲ್ಲಿದೆ ಎಂದೇ ಯಾರೂ ಹೇಳುವುದಿಲ್ಲ.

ಅಜ್ಜನ ಹತ್ತಿರ ಒಂದು ವಿಷಯ ಮಾತ್ರ ನಾನು ಎತ್ತುವುದಿಲ್ಲ. 1976ರ ಅಕ್ಟೋಬರ್ 6ರಂದು ಬಾರ್ಬಡೋಸ್ ಬಳಿ ಕ್ಯೂಬಾದ ಪ್ರಯಾಣಿಕ ವಿಮಾನವೊಂದು ಬಾಂಬ್ ಸಿಡಿದು ಸಮುದ್ರಕ್ಕೆ ಬಿತ್ತು. 73 ಜನ ಸತ್ತರು. ಕತ್ತಿವರಸೆಯ ಪದಕ ಗೆದ್ದು ಮನೆಗೆ ಹೊರಟಿದ್ದ ಹುಡುಗ ಹುಡುಗಿಯರೂ ಅದರಲ್ಲಿದ್ದರು. ಕ್ಯೂಬಾ ಬೆಟ್ಟು ಮಾಡಿ ತೋರಿಸಿದ್ದು, ಕ್ಯಾಸ್ಟ್ರೊ ವಿರೋಧಿಗಳಾಗಿ ದೇಶ ಬಿಟ್ಟಿದ್ದ ಲೂಯಿಸ್ ಪೊಸಾದ ಕರಿಲೆಸ್ ಮತ್ತು ಒರ್ಲಾಂಡೊ ಬಾಷ್ ಕಡೆಗೆ. ಇಬ್ಬರೂ ತಮ್ಮ ಕೈವಾಡವಿಲ್ಲ ಎಂದರು. ಇಬ್ಬರೂ ಕೊನೆಗಾಲದಲ್ಲಿ ಇದ್ದದ್ದು, ಸತ್ತದ್ದು ಮಯಾಮಿ ಕಡೆಯಲ್ಲೇ. ಒಪ್ಪಿಸಿ ಎಂದು ಕೇಳಿದರೂ ಪೊಸಾದನನ್ನು ಅಮೆರಿಕ ಒಪ್ಪಿಸಲಿಲ್ಲ. ಇದನ್ನು ಓದುವಾಗ ನನಗೆ ನೆನಪಾದದ್ದು ದಾವೂದ್. 1993ರ ಮುಂಬೈ ಸ್ಫೋಟದಲ್ಲಿ 257 ಜನ ಹೋದರು. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಕರಾಚಿಯ ವಿಳಾಸಗಳಿವೆ. ಪಾಕಿಸ್ತಾನ ಮಾತ್ರ ಅವನು ನಮ್ಮಲ್ಲಿಲ್ಲ ಅನ್ನುತ್ತದೆ. ನೆರೆಮನೆಯಲ್ಲಿ ಆರೋಪಿ ಕೂತಿದ್ದಾನೆ ಎಂದು ಕೂಗುವವನ ಜಾಗದಲ್ಲಿ ನಾವಿದ್ದೇವೆ. ಆ ಲೆಕ್ಕದಲ್ಲಿ ನಮ್ಮ ಪಕ್ಕ ನಿಂತಿರುವುದು ಕ್ಯೂಬಾ! ಬಂಡುಕೋರರಿಗೆ ಬಂದೂಕು ಕೊಟ್ಟ ಲೆಕ್ಕಕ್ಕೆ ಬಂದರೆ ಅದು ಹೋಗಿ ಪಾಕಿಸ್ತಾನದ ಪಕ್ಕ ನಿಲ್ಲುತ್ತದೆ. ಯಾವ ಕಡೆಯಿಂದ ನೋಡಿದರೂ ಹೋಲಿಕೆ ಪೂರ್ತಿ ಕೂರುವುದಿಲ್ಲ.

ಎಷ್ಟೇ ಕಿತ್ತಾಡಿದರೂ ಒಂದು ಕಿಟಕಿ ಮಾತ್ರ ಎರಡೂ ಕಡೆ ತೆರೆದೇ ಇದೆ. ಪ್ರತಿ ಜನವರಿ 1ಕ್ಕೆ ಭಾರತ, ಪಾಕಿಸ್ತಾನ ತಮ್ಮ ತಮ್ಮ ಅಣು ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. 1992ರಿಂದ ಒಂದು ವರ್ಷವೂ ತಪ್ಪಿಲ್ಲ, ಕಾರ್ಗಿಲ್ ಆದಾಗಲೂ. 2025ರ ಮೇ ತಿಂಗಳಲ್ಲಿ ಕ್ಷಿಪಣಿ ಹಾರಿಸಿಕೊಂಡವರು ಜುಲೈ 1ಕ್ಕೆ ಕೈದಿಗಳ, ಮೀನುಗಾರರ ಪಟ್ಟಿ ಕೊಟ್ಟು ತೆಗೆದುಕೊಂಡರು. ಇಲ್ಲಿ, ಕ್ಯೂಬಾದ ನೆಲದಲ್ಲಿರುವ ತನ್ನ ಗ್ವಾಂಟನಾಮೊ ನೌಕಾ ನೆಲೆಗೆಂದು ಅಮೆರಿಕ ವರ್ಷಕ್ಕೆ 4,085 ಡಾಲರ್ ಬಾಡಿಗೆ ಚೆಕ್ ಬರೆದು ಕಳಿಸುವುದು. ಫಿಡೆಲ್ ಕ್ಯಾಸ್ಟ್ರೊ 1959ರಲ್ಲಿ ಒಂದೇ ಒಂದು ಚೆಕ್ ನಗದು ಮಾಡಿಸಿ, ಅದೂ ಗೊಂದಲದಲ್ಲಿ ಆಗಿಹೋಯಿತು ಎಂದು, ಉಳಿದದ್ದನ್ನೆಲ್ಲ ಮೇಜಿನ ಡ್ರಾಯರಿಗೆ ತಳ್ಳಿದರು. ಬಾಡಿಗೆ ಕೊಡುವ ಹಟ, ಮುಟ್ಟದಿರುವ ಹಟ. ನಮ್ಮ ಕಡೆ ಅಣ್ಣತಮ್ಮಂದಿರ ಜಮೀನಿನ ವ್ಯಾಜ್ಯದಲ್ಲಿ ಮಾತ್ರ ಇಂಥದ್ದನ್ನು ನೋಡಿದ್ದೇನೆ.

ಟ್ಯಾಂಪಾದ ಈಬರ್ ಸಿಟಿಯಲ್ಲಿ ಹೊಸೆ ಮಾರ್ತಿ ಹೆಸರಿನ ಪುಟ್ಟ ಪಾರ್ಕ್ ಇದೆ. ಸ್ಪೇನ್ ವಿರುದ್ಧ ಕ್ಯೂಬಾದ ಸ್ವಾತಂತ್ರ್ಯಕ್ಕೆ ಹೋರಾಡಿದ ಮಾರ್ತಿ 1891ರಿಂದ ಇಲ್ಲಿಗೆ ಬಂದು ಚುಟ್ಟಾ ಸುತ್ತುವ ಕೆಲಸಗಾರರ ಮುಂದೆ ಭಾಷಣ ಮಾಡಿ ಹಣ ಕೂಡಿಸುತ್ತಿದ್ದರು. ಆ ಪಾರ್ಕಿನ ನೆಲವನ್ನು 1956ರಲ್ಲಿ ಕ್ಯೂಬಾ ದೇಶದ ಹೆಸರಿಗೆ ಬರೆದುಕೊಟ್ಟರು. ಆಮೇಲೆ ಕ್ರಾಂತಿ ಆಯಿತು, ಜಗಳ ಆಯಿತು, ಪತ್ರ ಮಾತ್ರ ಹಾಗೇ ಉಳಿಯಿತು. ಕುಮ್ಮಕ್ಕು ಕೊಡುವ ದೇಶದ ಜಾಗ ಅಮೆರಿಕದ ನಡುವೆ!

ಹೋದ ತಿಂಗಳು ಎಲ್ಲರೂ ಅಲ್ಲಿಗೆ ಹೋಗಿದ್ದೆವು. ಸೊಸೆ ಮಗುವನ್ನು ಪ್ರತಿಮೆಯ ಮುಂದೆ ನಿಲ್ಲಿಸಿ ಫೋಟೊ ತೆಗೆದು ಅಮ್ಮನಿಗೆ ಕಳಿಸಿದಳು. ಅಜ್ಜನಿಗೆ ಮಾರ್ತಿ ಅಂದರೆ ಪ್ರಾಣ, ಪದ್ಯಗಳೆಲ್ಲ ಬಾಯಿಪಾಠ. ಆದರೂ ಒಳಗೆ ಬರಲಿಲ್ಲ. “ಆ ನೆಲ ಅವರದ್ದು” ಅಂದರು. ಗೇಟಿನ ಹೊರಗೆ ಬಿಸಿಲಿನಲ್ಲಿ, ಸೊಸೆಯ ಕೈಚೀಲ ಹಿಡಿದುಕೊಂಡು, ನಾವು ಬರುವವರೆಗೂ ನಿಂತೇ ಇದ್ದರು.